ಕೊನೆಯ ಮಾತು ಯಾರದ್ದು? ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಬಗ್ಗೆ ನಮ್ಮ ಮನೆಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ವಡಗಾಂವ್ ಶೇರಿಯಲ್ಲಿ ನಮ್ಮ ಮನೆ. ನಾನು ಧಾರವಾಡದವಳು. ಹಳೇ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಮಿಷನ್) ಕುಟುಂಬ, ಈಗಿನ ಹೆಸರಿನಲ್ಲಿ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಯಜಮಾನರು ಉಡುಪಿ ಕಡೆಯ ಕ್ಯಾಥೊಲಿಕರು. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ಶೋಕೇಸಿನಲ್ಲಿ ನನ್ನ ಅವ್ವ ಕೊಟ್ಟ ‘ಸತ್ಯವೇದ’ ಇದೆ. ಪಕ್ಕದಲ್ಲೇ ಅತ್ತೆಯ ‘ಪವಿತ್ರ ಬೈಬಲ್’, ಅದರ ಮೇಲೆ ಅವರ ಜಪಸರ. ಕನ್ನಡದ ಸ್ನೇಹಿತರು ಊಟಕ್ಕೆ ಬಂದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆಮೇಲೆ ಪ್ರಶ್ನೆ ಶುರು. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ದೇವಶಾಸ್ತ್ರ ಓದಿದವಳಲ್ಲ. ಎರಡೂ ಕಡೆಯ ಬೆಂಚಿನ ಮೇಲೆ ಕೂತು ನೋಡಿದವಳು, ಅಷ್ಟೇ.

ಪ್ರಶ್ನೆ: ಯೇಸು ಒಬ್ಬನೇ, ಬೈಬಲ್ಲೂ ಹೆಚ್ಚು ಕಮ್ಮಿ ಒಂದೇ. ಮತ್ತೆ ಜಗಳ ಯಾತಕ್ಕೆ?

ಒಂದು ಮನೆ ಅಂದುಕೊಳ್ಳಿ. ಅಪ್ಪ ಉಯಿಲು ಬರೆದಿಟ್ಟು ಹೋಗಿದ್ದಾನೆ. ಅದು ಅಪ್ಪನ ಕೈಬರಹವೇ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಒಂದು ಸಾಲಿಗೆ ಅಣ್ಣ ಒಂದರ್ಥ ಹೇಳುತ್ತಾನೆ, ತಮ್ಮ ಇನ್ನೊಂದು. ಈಗ ತೀರ್ಮಾನ ಮಾಡುವವರು ಯಾರು?

ಕ್ಯಾಥೊಲಿಕರು ಹೇಳುವುದು: ಅಪ್ಪ ಬರೀ ಕಾಗದ ಬಿಟ್ಟು ಹೋಗಲಿಲ್ಲ, ಹಿರಿಯವನ ಕೈಗೆ ಬೀಗದ ಕೈ ಕೂಡ ಕೊಟ್ಟು ಹೋದ. ಇದು ನಾನು ಕಟ್ಟಿದ್ದಲ್ಲ. ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗೆ ಪರಲೋಕದ ಬೀಗದ ಕೈಗಳನ್ನು ಕೊಡುತ್ತೇನೆ ಅನ್ನುತ್ತಾನೆ. ಆ ಪೇತ್ರನ ಸ್ಥಾನದಲ್ಲಿ ಈಗ ಇರುವವರು ಪೋಪ್, ಅವರ ಜೊತೆಗೆ ಬಿಷಪ್ಪರು.

ಪ್ರಾಟೆಸ್ಟೆಂಟರು ಹೇಳುವುದು: ಹಿರಿಯವನಿಗೆ ಮರ್ಯಾದೆ ಕೊಡೋಣ, ಆದರೆ ಅವನೂ ಆ ಕಾಗದಕ್ಕೆ ಕಟ್ಟುಬಿದ್ದವನೇ. ಅವನು ತಪ್ಪಿದರೆ ಮನೆಯ ಕಿರಿಯವನು ಕೂಡ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಹುದು.

ಮೇರಿ, ಸಂತರು, ಮೇಣದ ಬತ್ತಿ, ಇವೆಲ್ಲ ಆಮೇಲಿನ ಮಾತು. ಯಾವ ಎಳೆ ಹಿಡಿದು ಎಳೆದರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಪ್ರಶ್ನೆ: ಹಾಗಾದರೆ ಕ್ಯಾಥೊಲಿಕರಿಗೆ ಬೈಬಲ್ಲಿಗಿಂತ ಪೋಪ್ ದೊಡ್ಡವರಾ?

ಅಲ್ಲ. ನಾನೂ ಮದುವೆಗೆ ಮುಂಚೆ ಹಾಗೇ ತಿಳಿದಿದ್ದೆ. ನಮ್ಮ ಭಾನುವಾರದ ಶಾಲೆಯಲ್ಲಿ ಯಾರೋ ಹಾಗೆ ಹೇಳಿಕೊಟ್ಟಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕ್ಯಾಥೊಲಿಕ್ ಬಿಷಪ್ಪರು ಸೇರುವ ಸಭೆ) 1965ರಲ್ಲಿ ಹೊರಡಿಸಿದ ದಾಖಲೆಯೊಂದು ಇದನ್ನು ನೇರವಾಗಿಯೇ ಹೇಳುತ್ತದೆ: ಬೋಧಿಸುವ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ.

ಆದರೆ ಒಂದು ‘ಆದರೆ’ ಇದೆ. ದೇವರ ವಾಕ್ಯ ಅಂದರೆ ಅವರಿಗೆ ಬರೀ ಪುಸ್ತಕವಲ್ಲ. ಪ್ರೇಷಿತರಿಂದ, ಅಂದರೆ ಯೇಸುವಿನ ಮೊದಲ ಶಿಷ್ಯರಿಂದ, ಬಾಯಿಂದ ಬಾಯಿಗೆ, ಪೂಜೆಯಿಂದ ಪೂಜೆಗೆ ಹರಿದು ಬಂದ ಪರಂಪರೆಯೂ ಸೇರಿದ್ದು. ಪೌಲ ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದಲ್ಲಿ ಬಾಯಿಮಾತಿನಿಂದ ಕಲಿತದ್ದನ್ನೂ ಪತ್ರದಿಂದ ಕಲಿತದ್ದನ್ನೂ ಬಿಗಿಯಾಗಿ ಹಿಡಿದುಕೊಳ್ಳಿ ಅನ್ನುತ್ತಾನೆ. ಅವರ ಇನ್ನೊಂದು ವಾದ ಜಾಸ್ತಿ ಚುರುಕು: ಯಾವ ಪುಸ್ತಕ ಬೈಬಲ್ಲಿಗೆ ಸೇರಬೇಕು, ಯಾವುದು ಬೇಡ ಅಂತ ಬೈಬಲ್ಲಿನಲ್ಲಿ ಎಲ್ಲೂ ಬರೆದಿಲ್ಲ, ಪಟ್ಟಿ ಮಾಡಿದ್ದು ಧರ್ಮಸಭೆ, ಅಂದರೆ ಇಡೀ ಚರ್ಚು. ಪಟ್ಟಿ ಒಪ್ಪಿಕೊಂಡು ಪಟ್ಟಿ ಮಾಡಿದವರನ್ನು ಒಪ್ಪದಿದ್ದರೆ ಹೇಗೆ? ಇದಕ್ಕೆ ನಮ್ಮವರ ಉತ್ತರ: ಸಭೆ ಆ ಪುಸ್ತಕಗಳಿಗೆ ಅಧಿಕಾರ ಕೊಡಲಿಲ್ಲ, ಅವುಗಳಲ್ಲಿ ಇದ್ದ ಅಧಿಕಾರವನ್ನು ಗುರುತಿಸಿತು. ಅಕ್ಕಸಾಲಿಗ ಒರೆಗೆ ಹಚ್ಚಿ ಚಿನ್ನ ಅಂದರೆ ಅವನೇ ಅದನ್ನು ಚಿನ್ನ ಮಾಡಿದ ಹಾಗಲ್ಲವಲ್ಲ. ನನಗೆ ಎರಡೂ ಸರಿ ಅನ್ನಿಸುವ ದಿನಗಳಿವೆ.

ಪ್ರಶ್ನೆ: ಪೋಪ್ ತಪ್ಪೇ ಮಾಡುವುದಿಲ್ಲ ಅಂತ ನಂಬುತ್ತಾರಂತೆ?

ಪೋಪ್ ಕೂಡ ಪಾಪನಿವೇದನೆಗೆ, ಅಂದರೆ ತಮ್ಮ ಪಾಪವನ್ನು ಫಾದರ್ ಮುಂದೆ ಹೇಳಿಕೊಳ್ಳಲು ಹೋಗುತ್ತಾರೆ. ಅಷ್ಟರಲ್ಲೇ ಅರ್ಥವಾಗಬೇಕು, ಅಲ್ವಾ?

1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ್ದು ತುಂಬ ಇಕ್ಕಟ್ಟಾದ ಮಾತು. ನಂಬಿಕೆ ಅಥವಾ ನೀತಿಯ ವಿಷಯ ಆಗಿರಬೇಕು. ಪೇತ್ರನ ಪೀಠದಿಂದ, ಇಡೀ ಧರ್ಮಸಭೆಗೆ ಅಂತ, ಇದು ಕೊನೆಯ ತೀರ್ಮಾನ ಅಂತಲೇ ಹೇಳಿರಬೇಕು. ಆಗ ಮಾತ್ರ ಅದು ತಪ್ಪಲಾರದು. ಆಮೇಲೆ ಇಷ್ಟು ವರ್ಷದಲ್ಲಿ ಒಬ್ಬ ಪೋಪ್ ಹೀಗೆ ಸ್ಪಷ್ಟವಾಗಿ ಮಾಡಿದ್ದು ಒಂದೇ ಸಲ. 1950ರಲ್ಲಿ 12ನೇ ಪಿಯುಸ್, ಮಾತೆ ಮರಿಯಮ್ಮ ದೇಹ ಆತ್ಮ ಎರಡರ ಸಮೇತ ಸ್ವರ್ಗಕ್ಕೆ ಸೇರಿದಳು ಅಂತ ಸಾರಿದರು. ಅದಕ್ಕೂ ಮೊದಲು, 1946ರಲ್ಲಿ, ಜಗತ್ತಿನ ಬಿಷಪ್ಪರಿಗೆಲ್ಲ ಪತ್ರ ಬರೆದು ಅಭಿಪ್ರಾಯ ಕೇಳಿದ್ದರು. ಆಗಸ್ಟ್ 15ಕ್ಕೆ ನಮ್ಮ ಸೊಸೈಟಿಯಲ್ಲಿ ಬಾವುಟ ಹಾರಿಸಿ ಅತ್ತೆ ಅವಸರವಾಗಿ ಪೂಜೆಗೆ ಓಡುವುದು ಆ ಹಬ್ಬಕ್ಕೇ.

ಬಾಸೆಲ್ ಮಿಷನ್ ಮನೆಯಲ್ಲಿ ಬೆಳೆದ ನನಗೆ ಇದು ಈಗಲೂ ಗಂಟಲಲ್ಲಿ ಇಳಿಯುವುದಿಲ್ಲ. ಬೈಬಲ್ಲಿನಲ್ಲಿ ನೇರವಾಗಿ ಬರೆಯದ ಸಂಗತಿಯನ್ನು ನಂಬಲೇಬೇಕು ಅಂತ ವಿಧಿಸುವುದು ಹೇಗೆ? ಅತ್ತೆಗೆ ಇದು ಪ್ರಶ್ನೆಯೇ ಅಲ್ಲ. “ಅಮ್ಮನನ್ನು ಮಗ ಮಣ್ಣಲ್ಲಿ ಬಿಡ್ತಾನಾ?” ಅನ್ನುತ್ತಾರೆ.

ಪ್ರಶ್ನೆ: ಪ್ರಾಟೆಸ್ಟೆಂಟರಿಗೆ ಹೇಳುವವರು ಕೇಳುವವರು ಯಾರೂ ಇಲ್ವಾ?

ಇದನ್ನು ಕೇಳುವವರು ನಮ್ಮ ಪಾಸ್ಟರ್ ಕಮಿಟಿಯ ಮೀಟಿಂಗಿಗೆ ಒಮ್ಮೆ ಬರಬೇಕು.

ಮೊದಲು ಚರಿತ್ರೆ. 1521ರಲ್ಲಿ ವರ್ಮ್ಸ್ ಊರಿನ ಸಭೆಯಲ್ಲಿ ಚಕ್ರವರ್ತಿಯ ಮುಂದೆ ನಿಂತ ಲೂಥರ್, ಪ್ರಾಟೆಸ್ಟೆಂಟ್ ಚಳವಳಿ ಶುರು ಮಾಡಿದ ಜರ್ಮನಿಯ ಸನ್ಯಾಸಿ, ಹೇಳಿದ್ದರ ಸಾರ ಇಷ್ಟು: ಪೋಪರೂ ತಪ್ಪಿದ್ದಾರೆ, ಮಹಾಸಭೆಗಳೂ ತಪ್ಪಿವೆ. ವಾಕ್ಯದಿಂದಲೋ ಸ್ಪಷ್ಟವಾದ ಕಾರಣದಿಂದಲೋ ತೋರಿಸಿಕೊಡಿ, ಆಗ ನನ್ನ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ಇದರಿಂದ ಬಂದದ್ದು ‘ವಾಕ್ಯ ಮಾತ್ರ’ ಅನ್ನುವ ಘೋಷಣೆ. ಜನ ಅದನ್ನು ‘ನಾನು ಮತ್ತು ನನ್ನ ಬೈಬಲ್ ಮಾತ್ರ’ ಅಂತ ಓದುತ್ತಾರೆ. ಲೂಥರ್ ಹಾಗೆ ಹೇಳಲಿಲ್ಲ. ಹಳೆಯ ವಿಶ್ವಾಸಪ್ರಮಾಣಗಳನ್ನು ಆತ ಇಟ್ಟುಕೊಂಡ, ಮಕ್ಕಳಿಗೆ ಪ್ರಶ್ನೋತ್ತರದ ಪುಸ್ತಕವನ್ನೂ ಬರೆದ. ಸಭೆಗೆ, ಹಿರಿಯರಿಗೆ, ಪರಂಪರೆಗೆ ಅಧಿಕಾರ ಇದೆ, ಆದರೆ ಅದೆಲ್ಲ ಎರಡನೇ ದರ್ಜೆ. ವಾಕ್ಯ ಅದನ್ನು ತಿದ್ದಬಹುದು, ಅದು ವಾಕ್ಯವನ್ನು ತಿದ್ದುವ ಹಾಗಿಲ್ಲ.

ನಮ್ಮ ಬಾಸೆಲ್ ಮಿಷನ್ನನ್ನೇ ತಗೊಳ್ಳಿ. 1834ರಲ್ಲಿ ಮಂಗಳೂರಿಗೆ ಬಂದವರು. ಪೋಪನ ಅಧಿಕಾರ ಬೇಡ ಅನ್ನುವವರು. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಕೂತ ಕಮಿಟಿಯ ಮಾತು ಅವರಿಗೆ ವೇದವಾಕ್ಯ. ಇಲ್ಲಿರುವ ಮಿಷನರಿ ಮದುವೆಯಾಗಬೇಕಾದರೂ ಆ ಕಮಿಟಿಯ ಅಪ್ಪಣೆ ಬೇಕಿತ್ತು! ಎಷ್ಟೋ ಹುಡುಗಿಯರು ಮುಖ ನೋಡದ ಗಂಡನನ್ನು ಮದುವೆಯಾಗಲು ಹಡಗು ಹತ್ತಿ ಬಂದರು.

ಈಗ ಕಮಿಟಿ ನಮ್ಮ ಕೈಯಲ್ಲೇ ಇದೆ. ಪುಣೆಯಲ್ಲಿ ನಾನು ಹೋಗುವುದು ಸಿಎನ್‌ಐ, ಅಂದರೆ ಉತ್ತರ ಭಾರತ ಸಭೆಗೆ. 1970ರಲ್ಲಿ ನಾಗಪುರದಲ್ಲಿ ಆರು ಸಭೆಗಳು ಸೇರಿ ಆದದ್ದು. ಬಿಷಪ್ ಇದ್ದಾರೆ, ಆದರೆ ಅವರು ಆಯ್ಕೆಯಾಗಿ ಬರುವವರು, ಸಿನೊಡ್ (ಸಭೆಯ ಆಡಳಿತ ಮಂಡಳಿ) ಮತ್ತು ಕೌನ್ಸಿಲ್‌ಗಳ ಜೊತೆ ಕೂತು ಆಳುವವರು. ಹೋದ ವರ್ಷ ಆಲ್ಟರಿನ ಹಿಂದಿನ ಗೋಡೆಗೆ ಯಾವ ಬಣ್ಣ ಅಂತ ಮೀಟಿಂಗ್. ಎರಡೂವರೆ ತಾಸು. ಅಯ್ಯನವರು (ನಮ್ಮ ಪಾಸ್ಟರ್) ತಿಳಿನೀಲಿ ಅಂದರು. ಖಜಾಂಚಿ ಬಿಳಿ ಅಂದರು. ವಡಾಪಾವ್ ಬಂತು, ಚಹಾ ಬಂತು, ಮತ್ತೆ ಚಹಾ ಬಂತು. ಕೊನೆಗೆ ಕೈ ಎತ್ತಿಸಿ ಎಣಿಸಿದರು, ಬಿಳಿ ಗೆದ್ದಿತು. ಮನೆಗೆ ಬಂದು ಹೇಳಿದರೆ ಯಜಮಾನರು, “ನಮ್ಮಲ್ಲಿ ಫಾದರ್ ಸೋಮವಾರ ಬಣ್ಣ ತರಿಸಿ ಮಂಗಳವಾರ ಬಳಿಸ್ತಿದ್ರು” ಅಂತ ನಕ್ಕರು. ನಿಜ ಹೇಳಬೇಕೆಂದರೆ ಕ್ಯಾಥೊಲಿಕರಲ್ಲೂ ಧರ್ಮಕೇಂದ್ರದ ಪಾಲನಾ ಪರಿಷತ್ತು ಅಂತ ಇದೆ. ಆದರೆ ಅದು ಸಲಹೆ ಕೊಡುತ್ತದೆ, ಓಟು ಹಾಕಿ ಫಾದರನ್ನು ಸೋಲಿಸುವುದಿಲ್ಲ.

ಪ್ರಶ್ನೆ: ಎಲ್ಲ ಪ್ರಾಟೆಸ್ಟೆಂಟರೂ ಹೀಗೇನಾ?

ಇಲ್ಲ. ಬಿಷಪ್ ಇರುವವರು, ಇಲ್ಲದವರು, ಹಿರಿಯರ ಮಂಡಳಿ ಇರುವವರು, ಒಬ್ಬ ಪಾಸ್ಟರ್ ಒಂದು ಹಾಲ್ ಬಾಡಿಗೆಗೆ ಹಿಡಿದು ನಡೆಸುವವರು, ಎಲ್ಲರೂ ಇದ್ದಾರೆ. ಈ ಕೊನೆಯ ಬಗೆಯಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ನಾನು ಪುಣೆಗೆ ಬಂದ ಹೊಸದರಲ್ಲಿ ಅಂಥ ಒಂದು ಕೂಟಕ್ಕೆ ಎಂಟು ತಿಂಗಳು ಹೋಗಿದ್ದೆ. ಯಾವ ಕೆಲಸಕ್ಕೆ ಸೇರಬೇಕು, ರಜೆಯಲ್ಲಿ ಊರಿಗೆ ಹೋಗಬೇಕೋ ಬೇಡವೋ, ಎಲ್ಲದಕ್ಕೂ ಅಲ್ಲಿನ ಪಾಸ್ಟರನ್ನು ಕೇಳಬೇಕಿತ್ತು. ಕೇಳದಿದ್ದರೆ ಭಾನುವಾರದ ಪ್ರಸಂಗದಲ್ಲಿ ಹೆಸರು ಹೇಳದೆ ಚುಚ್ಚು. ಅವರ ಮೇಲೆ ಬಿಷಪ್ಪೂ ಇಲ್ಲ, ಕಮಿಟಿಯೂ ಇಲ್ಲ. ರೋಮಿನ ಪೋಪ್‌ಗೆ ಇರುವಷ್ಟು ನಿಯಮಗಳೂ ಅವರಿಗಿರಲಿಲ್ಲ. ಅಧಿಕಾರ ಬೇಡ ಅಂತ ಬಾಗಿಲು ಹಾಕಿದರೆ ಅದು ಕಿಟಕಿಯಿಂದ ಬರುವುದನ್ನು ನಾನು ಅಲ್ಲಿ ನೋಡಿದೆ.

ಪ್ರಶ್ನೆ: ‘ಬೈಬಲ್ ನಾನೇ ಓದಿ ನಾನೇ ತೀರ್ಮಾನ ಮಾಡ್ತೀನಿ’ ಅನ್ನುವುದು ಅಹಂಕಾರ ಅಲ್ವಾ?

ಈ ಪ್ರಶ್ನೆಗೆ ಪುಣೆಯಲ್ಲಿ ಕೂತು ಉತ್ತರ ಕೊಡುವವರು ಪಂಡಿತಾ ರಮಾಬಾಯಿಯನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನವರ ಸಿಟ್ಟಿಗೆ ಗುರಿಯಾದವರು. ಅಂಥ ಮನೆಯ ಮಗಳು ಇಂಗ್ಲೆಂಡಿಗೆ ಹೋಗಿ 1883ರಲ್ಲಿ ವಾಂಟೇಜ್ ಊರಿನ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಮಠದಲ್ಲಿ ದೀಕ್ಷಾಸ್ನಾನ ತಗೊಂಡಳು.

ಅಲ್ಲಿನ ಸನ್ಯಾಸಿನಿ ಜೆರಾಲ್ಡೀನ್ ಆಕೆಗೆ ಗುರುವೂ ಹೌದು, ತಾಯಿಯೂ ಹೌದು. ಆದರೆ ಇಬ್ಬರ ನಡುವೆ ಪತ್ರಗಳಲ್ಲಿ ನಡೆದದ್ದು ಇದೇ ಜಗಳ. ಸಭೆ ಹೇಳಿದ್ದನ್ನು ನಂಬು ಅಂತ ಅವರು. ಬೈಬಲ್ಲಿನಲ್ಲಿ ತೋರಿಸಿ, ನನ್ನ ಮನಸ್ಸಿಗೆ ಒಪ್ಪಿಗೆಯಾದರೆ ನಂಬುತ್ತೇನೆ ಅಂತ ಈಕೆ. ನಮ್ಮ ದೇಶದ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದಿದ್ದೇನೆ, ಅದೇ ಥರದ ಇನ್ನೊಂದು ನೊಗಕ್ಕೆ ಕುತ್ತಿಗೆ ಕೊಡಲಾರೆ ಎಂಬರ್ಥದಲ್ಲಿ ಬರೆದಳು. ಪರದೇಶದಲ್ಲಿ, ಅನ್ನ ಹಾಕುತ್ತಿದ್ದವರಿಗೇ ಹೀಗೆ ಬರೆಯಬೇಕಾದರೆ ಎಂಥ ಎದೆ ಬೇಕು!

ಮುಂದೆ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ಅನ್ನುವ ವಿಧವೆಯರ ಶಾಲೆ ತೆರೆದಳು. ಮರುವರ್ಷ ಅದನ್ನು ಪುಣೆಗೆ ತಂದಳು. ಆಮೇಲೆ ಕೇಡಗಾಂವಿನಲ್ಲಿ ಮುಕ್ತಿ ಆಶ್ರಮ ಕಟ್ಟಿದಳು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ತಾನೇ ಮರಾಠಿಗೆ ತಂದಳು. 1922ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ‘ನಾನೇ ಓದುತ್ತೇನೆ’ ಅನ್ನುವ ಮಾತಿಗೆ ಆಕೆ ತೆತ್ತ ಬೆಲೆ ಇದು. ನಾವು ಸುಮ್ನೆ ವಾಟ್ಸಾಪಿನಲ್ಲಿ ಒಂದು ವಚನ ನೋಡಿ ‘ನನಗೆ ಹೀಗನ್ನಿಸಿತು’ ಅನ್ನುವುದನ್ನು ಇದರ ಪಕ್ಕ ಇಡಬೇಡಿ.

ಪ್ರಶ್ನೆ: ಕ್ಯಾಥೊಲಿಕರು ಹೇಳಿದ್ದಕ್ಕೆಲ್ಲ ತಲೆ ಆಡಿಸುವವರು, ಅಲ್ವಾ?

ಮುಂಬೈ, ಗೋವಾದ ಕಥೆ ಗೊತ್ತಿಲ್ಲದವರು ಹೀಗೆ ಹೇಳುತ್ತಾರೆ. ಏಷ್ಯಾದ ಈ ಕಡೆಯ ಚರ್ಚುಗಳಿಗೆ ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಪೋಪರೇ ಪೋರ್ಚುಗಲ್ ರಾಜನಿಗೆ ಕೊಟ್ಟಿದ್ದರು. ಅದಕ್ಕೆ ಪಾದ್ರುವಾದೊ ಅನ್ನುತ್ತಾರೆ. ಆಮೇಲೆ ರೋಮ್ ತನ್ನದೇ ಇನ್ನೊಂದು ವ್ಯವಸ್ಥೆ ತಂದಿತು, ಅದು ಪ್ರೊಪಗಾಂಡ. ಮುಂಬೈಯಲ್ಲಿ ಇಂಗ್ಲಿಷರು 1720ರಲ್ಲಿ ಪೋರ್ಚುಗೀಸ್ ಕಡೆಯ ಪಾದ್ರಿಗಳನ್ನು ಹೊರಗೆ ಕಳಿಸಿ ರೋಮ್ ಕಡೆಯ ಕಾರ್ಮೆಲ್ ಮಠದವರನ್ನು ಕರೆಸಿದರು. ಜನ ಎರಡು ಹೋಳಾದರು. 1794ರಲ್ಲಿ ಚರ್ಚುಗಳನ್ನೇ ಹಂಚಿಕೊಟ್ಟರು. ಒಂದೇ ಊರು, ಒಂದೇ ಪೂಜೆ, ಆದರೆ ಎರಡು ಆಡಳಿತ. ಇದು ಮುಗಿದದ್ದು 1928ರಲ್ಲಿ! ಆಮೇಲೂ ಒಪ್ಪಂದದ ಪ್ರಕಾರ ಒಮ್ಮೆ ಪೋರ್ಚುಗೀಸ್, ಒಮ್ಮೆ ಬ್ರಿಟಿಷ್ ಆರ್ಚ್‌ಬಿಷಪ್. 1950ರಲ್ಲಿ ವಲೇರಿಯನ್ ಗ್ರೇಶಿಯಸ್ ಬಂದಾಗಲೇ ಮೊದಲ ಭಾರತೀಯ.

ನನ್ನ ಯಜಮಾನರ ಊರ ಹತ್ತಿರದ ಕಥೆ ಇದಕ್ಕಿಂತ ಖಾರ. 1880ರ ದಶಕದಲ್ಲಿ ಕೆನರಾದಲ್ಲಿ (ನಮ್ಮ ಕರಾವಳಿಯ ಹಳೇ ಹೆಸರು) ಪಾದ್ರುವಾದೊ ಕೈಯಲ್ಲಿದ್ದ ಚರ್ಚುಗಳನ್ನು ರೋಮ್ ಇನ್ನೊಂದು ಆಡಳಿತಕ್ಕೆ ಒಪ್ಪಿಸಿದಾಗ ಬ್ರಹ್ಮಾವರದ ಒಂದಷ್ಟು ಕುಟುಂಬಗಳು ಒಪ್ಪಲಿಲ್ಲ. ಗೋವಾದ ಪಾದ್ರಿ ಆಲ್ವಾರಿಸ್ ಕೂಡ ರೋಮ್ ಜೊತೆ ಮುರಿದುಕೊಂಡವರು. 1889ರಲ್ಲಿ ಕೇರಳದ ಕೊಟ್ಟಾಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯ (ರೋಮಿಗೆ ಸೇರದ ಹಳೇ ಕ್ರೈಸ್ತ ಶಾಖೆ) ಬಿಷಪ್ ಆದರು. ಬ್ರಹ್ಮಾವರದವರು ಅವರ ಜೊತೆ ಹೋದರು. ಇವತ್ತಿಗೂ ಅಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಭೆ ಇದೆ. ಆಲ್ವಾರಿಸರ ಸಮಾಧಿ ಗೋವಾದ ರಿಬಂದರಿನಲ್ಲಿದೆ.

ಒಂದು ಮಾತು ಗಮನಿಸಿ. ಇವರು ರೋಮ್ ಬಿಟ್ಟರು, ಆದರೆ ಪ್ರಾಟೆಸ್ಟೆಂಟ್ ಆಗಲಿಲ್ಲ. ಬಿಷಪ್ ಬೇಡ ಅನ್ನಲಿಲ್ಲ, ಬೇರೆ ಬಿಷಪ್ಪರನ್ನು ಹುಡುಕಿಕೊಂಡರು. ಅವರ ತಕರಾರು ಬೀಗದ ಕೈ ಯಾರ ಹತ್ತಿರ ಅನ್ನುವುದರ ಬಗ್ಗೆ. ಬೀಗದ ಕೈ ಇದೆಯೋ ಇಲ್ಲವೋ ಅನ್ನುವುದರ ಬಗ್ಗೆ ಅಲ್ಲ.

ಪ್ರಶ್ನೆ: ಪಾಪ ಕ್ಷಮಿಸಲು ಫಾದರ್ ಯಾರು?

ಕ್ಷಮಿಸುವವನು ದೇವರು ಅಂತ ಇಬ್ಬರೂ ಹೇಳುತ್ತಾರೆ. ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ಕೊಟ್ಟ ಅಧಿಕಾರ ಗುರುಗಳಿಗೆ, ಅಂದರೆ ಫಾದರ್‌ಗಳಿಗೆ, ಬಂದಿದೆ ಅಂತ ಕ್ಯಾಥೊಲಿಕರು. ಅದು ಸುವಾರ್ತೆ ಸಾರುವ ಇಡೀ ಸಭೆಗೆ ಬಂದದ್ದು ಅಂತ ನಮ್ಮವರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ, ಯಾವ ಕಾರಣಕ್ಕೂ ಹೇಳುವ ಹಾಗಿಲ್ಲ. ನಮ್ಮ ಕಮಿಟಿಯ ಕೆಲವರನ್ನು ನೋಡಿದಾಗ ಆ ನಿಯಮ ನಮಗೂ ಇದ್ದಿದ್ದರೆ ಅನ್ನಿಸುತ್ತದೆ.

ಪ್ರಶ್ನೆ: ಮನಸ್ಸಾಕ್ಷಿಗೆ ಕ್ಯಾಥೊಲಿಕರಲ್ಲಿ ಬೆಲೆ ಇಲ್ವಾ?

ಇದೆ. ಮನಸ್ಸಾಕ್ಷಿಯ ತೀರ್ಮಾನವನ್ನು ಮೀರಬಾರದು ಅಂತ ಅವರ ಧರ್ಮೋಪದೇಶವೇ ಹೇಳುತ್ತದೆ. ಆದರೆ ಆ ಮನಸ್ಸಾಕ್ಷಿಗೆ ಮೊದಲು ಪಾಠ ಆಗಿರಬೇಕು, ಧರ್ಮಸಭೆಯ ಬೋಧನೆ ಕೇಳಿರಬೇಕು.

ಪ್ರಶ್ನೆ: ಹೆಂಗಸರು ಗುರುಗಳಾಗುವುದು?

ಇಲ್ಲಿ ಒಂದು ವಿಚಿತ್ರವಿದೆ. ಎಲ್ಲ ಅಧಿಕಾರ ಇದೆ ಅಂತ ನಾವು ತಿಳಿದ ಪೋಪ್, 2ನೇ ಜಾನ್ ಪಾಲ್, 1994ರಲ್ಲಿ ಹೇಳಿದ್ದು ‘ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರ ಧರ್ಮಸಭೆಗೇ ಇಲ್ಲ’ ಅಂತ. ಯೇಸು ಹಾಕಿಕೊಟ್ಟ ದಾರಿ, ತಿದ್ದಲು ನಾವು ಯಾರು ಎಂಬ ವಾದ. ಸಿಎಸ್‌ಐಯಲ್ಲಿ 1970ರ ದಶಕದಿಂದ ಮಹಿಳಾ ಪಾಸ್ಟರರಿದ್ದಾರೆ. 2013ರಲ್ಲಿ ಪುಷ್ಪ ಲಲಿತ ಬಿಷಪ್ ಆದರು. ನನಗೆ ಖುಷಿಯಾಗಿತ್ತು. ಕಮಿಟಿಯಲ್ಲಿ ಮಾತ್ರ ಚಹಾ ಹಂಚುವವರು ಇನ್ನೂ ಹೆಂಗಸರೇ.

ಪ್ರಶ್ನೆ: ನಿಮ್ಮ ಮದುವೆಯಲ್ಲಿ ಯಾರ ನಿಯಮ ನಡೆಯಿತು? ಮತಾಂತರ ಆಗಬೇಕಿತ್ತಾ?

ಎಲ್ಲರೂ ಕೇಳುವುದು ಇದನ್ನೇ, ಉಳಿದದ್ದೆಲ್ಲ ಪೀಠಿಕೆ.

ಮತಾಂತರ ಬೇಕಿಲ್ಲ. ನಮ್ಮ ದೀಕ್ಷಾಸ್ನಾನವನ್ನು ಅವರು ಒಪ್ಪುತ್ತಾರೆ, ಮತ್ತೆ ಮಾಡಿಸುವುದಿಲ್ಲ. ಆದರೆ ಅವರ ಬಿಷಪ್ಪರ ಅನುಮತಿ ಬೇಕು. ಯಜಮಾನರು ಒಂದು ಮಾತು ಕೊಡಬೇಕಿತ್ತು: ನನ್ನ ನಂಬಿಕೆ ಬಿಡುವುದಿಲ್ಲ, ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ ಅಂತ. ಚರ್ಚಿನ ಆಫೀಸಿನಲ್ಲಿ ಧಾರವಾಡದಿಂದ ಬಂದ ನನ್ನ ಅಪ್ಪ ಕನ್ನಡಕ ಏರಿಸಿ ಆ ಕಾಗದವನ್ನು ಎರಡು ಸಲ ಓದಿದರು. ಫ್ಯಾನಿನ ಗಾಳಿಗೆ ಅದು ಹಾರುತ್ತಿತ್ತು, ಮೂಲೆಗೆ ಪೇಪರ್‌ವೇಟ್ ಇಟ್ಟುಕೊಂಡು ಓದಿದರು.

“ಫಾದರ್, ನನ್ನ ಮಗಳೂ ಸಹಿ ಹಾಕಬೇಕೇನ್ರೀ?”

“ಬೇಡ ಸರ್. ಮಾತು ಕೊಡುವವರು ಅವರು. ನಿಮ್ಮ ಮಗಳಿಗೆ ವಿಷಯ ಗೊತ್ತಿದ್ದರೆ ಸಾಕು.”

ಅಪ್ಪ ಪೇಪರ್‌ವೇಟ್ ತೆಗೆದು ಕಾಗದ ವಾಪಸ್ ಕೊಟ್ಟರು. “ಆಕೆಗೂ ಕೈಲಾದದ್ದು ಇರತದ ಅಲ್ರೀ” ಅಂದರು. ಫಾದರ್ ಅದಕ್ಕೆ ಏನೂ ಹೇಳಲಿಲ್ಲ, ನಕ್ಕರು.

ಆ ಆಫೀಸಿನವರು ಯಜಮಾನರ ದೀಕ್ಷಾಸ್ನಾನದ ಸರ್ಟಿಫಿಕೇಟಿಗಾಗಿ ನಮ್ಮನ್ನು ಮೂರು ಸಲ ಓಡಾಡಿಸಿದ್ದು ಬೇರೆ ಕಥೆ. ಮನೆಯಲ್ಲಿದ್ದ ಹಳೇ ಪ್ರತಿ ನಡೆಯುವುದಿಲ್ಲ, ಆರು ತಿಂಗಳೊಳಗೆ ಬರೆಸಿದ್ದು ಬೇಕು ಅಂತ ಮೊದಲ ಸಲವೇ ಹೇಳಬಾರದಿತ್ತಾ? ಕಾರಣ ಆಮೇಲೆ ಗೊತ್ತಾಯಿತು. ದೀಕ್ಷಾಸ್ನಾನ ಆದ ಚರ್ಚಿನ ದಫ್ತರದಲ್ಲೇ ಮದುವೆಯನ್ನೂ ಬರೆಯುತ್ತಾರೆ. ಹೊಸ ಪ್ರತಿ ತರಿಸಿದರೆ ಮೊದಲೇ ಮದುವೆ ಆಗಿದೆಯೇ ಅಂತ ಅದೇ ಹೇಳಿಬಿಡುತ್ತದೆ.

ಪ್ರಶ್ನೆ: ಈಗ ಒಬ್ಬರ ಚರ್ಚಿನಲ್ಲಿ ಇನ್ನೊಬ್ಬರು ಪ್ರಸಾದ ತಗೊಳ್ಳಬಹುದಾ?

ನಮ್ಮಲ್ಲಿ ಅವರನ್ನು ಕರೆಯುತ್ತಾರೆ, ಅವರ ನಿಯಮ ಅವರನ್ನು ತಡೆಯುತ್ತದೆ. ಅವರಲ್ಲಿ ನನಗೆ ಇಲ್ಲ, ಸಾವಿನ ಅಪಾಯದಂಥ ಅಪರೂಪದ ಸಂದರ್ಭ ಬಿಟ್ಟರೆ. ಸಾಲು ಮುಂದಕ್ಕೆ ಹೋಗುವಾಗ ನಾನು ಬೆಂಚಿನಲ್ಲೇ ಕೂತು ಕಾಲು ಸರಿಸಿ ದಾರಿ ಬಿಡುತ್ತೇನೆ. ಹತ್ತೊಂಬತ್ತು ವರ್ಷವಾದರೂ ಅಭ್ಯಾಸ ಆಗಿಲ್ಲ.

ಪ್ರಶ್ನೆ: ದೊಡ್ಡವರು ರಾಜಿ ಮಾಡಿಕೊಂಡಿಲ್ವಾ?

ಕೆಲವು ವಿಷಯದಲ್ಲಿ. ಮನುಷ್ಯ ದೇವರ ಮುಂದೆ ನೀತಿವಂತ ಆಗುವುದು ಹೇಗೆ ಅನ್ನುವುದರ ಬಗ್ಗೆ 1999ರ ಅಕ್ಟೋಬರ್ 31ರಂದು ಲೂಥರನ್ನರೂ ಕ್ಯಾಥೊಲಿಕರೂ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ (ಪ್ರಾಟೆಸ್ಟೆಂಟರ ಇನ್ನೊಂದು ಗುಂಪು) ಸೇರಿದರು. ಕೊನೆಯ ಮಾತು ಯಾರದ್ದು ಅನ್ನುವುದರ ಬಗ್ಗೆ ಅಂಥ ಸಹಿ ಇನ್ನೂ ಬಿದ್ದಿಲ್ಲ.

ಪ್ರಶ್ನೆ: ನನಗೂ ಓದಬೇಕು ಅನ್ನಿಸಿದೆ. ಕನ್ನಡದಲ್ಲಿ ಯಾವ ಬೈಬಲ್ ಕೊಳ್ಳಲಿ?

ಪರಿವಿಡಿ ತೆರೆದು ಎಣಿಸಿ. 66 ಪುಸ್ತಕ ಇದ್ದರೆ ನಮ್ಮದು, 73 ಇದ್ದರೆ ಅವರದ್ದು. ಜಾಸ್ತಿ ಇರುವ ಏಳರಲ್ಲಿ ತೊಬಿತ, ಯೂದಿತ, ಮಕ್ಕಬಿಯರ ಎರಡು ಪುಸ್ತಕಗಳು ಸೇರಿವೆ. ಕ್ಯಾಥೊಲಿಕರು 16ನೇ ಶತಮಾನದ ಟ್ರೆಂಟ್ ಮಹಾಸಭೆಯಲ್ಲಿ ಅವು ಬೈಬಲ್ಲೇ ಅಂತ ಗಟ್ಟಿ ಮಾಡಿದರು. ಲೂಥರ್ ಅವನ್ನು ಓದಲು ಒಳ್ಳೆಯವು ಅಂದು ಬೇರೆ ಇಟ್ಟಿದ್ದ.

ಮಾತೂ ಬೇರೆ. ನಮ್ಮದರಲ್ಲಿ ‘ಅಪೊಸ್ತಲರು’, ಅವರದರಲ್ಲಿ ‘ಪ್ರೇಷಿತರು’. ಹಳೇ ಸತ್ಯವೇದದ ಕನ್ನಡ ಸ್ವಲ್ಪ ಬಿಗಿ, ಆದರೆ ಕೀರ್ತನೆಗಳನ್ನು ಗಟ್ಟಿಯಾಗಿ ಓದಿದರೆ ಅದೇ ಚಂದ. ಹೊಸಬರಿಗೆ ಅತ್ತೆಯ ‘ಪವಿತ್ರ ಬೈಬಲ್’ ಸುಲಭ. ಮೊದಲು ಮಾರ್ಕನ ಸುವಾರ್ತೆ ಓದಿ, ಎಲ್ಲಕ್ಕಿಂತ ಚಿಕ್ಕದು. ಒಂದು ಸಂಜೆ ಸಾಕು.